ಮಕ್ಕಳ ಪಾಠ, ಮನೆಯ ಮಾತ್ರೆ
(ಮೈಸೂರಿನಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಬ್ಬಿರುವುದನ್ನು ನಮ್ಮ ಮಕ್ಕಳೆಲ್ಲ ಕಂಡಿದ್ದಾರೆ. ಅದನ್ನು ಉಬ್ಬಿಸಿದವೂ, ಹಾಲನ್ನು ಮೊಸರು ಮಾಡಿದವೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ. ಪಾಠ ಇಲ್ಲಿಂದ ಮೊದಲಾಗಲಿ, ಹೆದರಿಕೆಯಿಂದಲ್ಲ.

ಈಗ ಇಂಥ ಪಾಠ ಫೋನಿನಲ್ಲಿಯೂ ಉಂಟು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಸರಕಾರದ 'ದೀಕ್ಷಾ' ತೆರೆಯುತ್ತದೆ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯವರು ಶಾಲಾಮಕ್ಕಳಿಗೆಂದೇ ಮಾಡಿರುವ 'ಇ-ಬಗ್' ಎಂಬುದರಲ್ಲಿ ಪಾಠ, ಆಟ ಎಲ್ಲವೂ ಉಚಿತ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ರೋಗಾಣು ಹೇಗೆ ದಾಟುತ್ತದೆಂದು ಕೈಕುಲುಕಿಸಿ ತೋರಿಸುವ ಪಾಠ ಅದರಲ್ಲುಂಟು. ನಮ್ಮ ಮೇಷ್ಟ್ರಿಗೆ ಎಣ್ಣೆಯಲ್ಲಿ ಕಲಸಿದ ಅರಿಸಿನವೇ ಸಾಕು. ಆದರೆ ಕಾರ್ಮಿಕನ ಮನೆಯಲ್ಲಿ ಇರುವುದು ಒಂದೇ ಫೋನು; ಅದು ಅಪ್ಪನ ಜೇಬಿನಲ್ಲಿ ಪಾಳಿಗೆ ಹೋಗಿರುತ್ತದೆ. ಆದುದರಿಂದ ಪರದೆಯನ್ನು ಶಾಲೆಯಲ್ಲೇ ಒದಗಿಸಿರೆಂದು ನಾವು ಒತ್ತಾಯಿಸಬೇಕು.

ಈ ಪಾಠದಿಂದ ನಮಗೇನು ಎನ್ನುವಿರಾ? ಮೈ ಬಿಸಿಯಾದರೆ ನಾವು ಡಾಕ್ಟರ ಬಳಿ ಹೋಗುವುದಿಲ್ಲ. ಅರ್ಧ ದಿನದ ಕೂಲಿ ಹೋದೀತೆಂದು ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ತರುತ್ತೇವೆ. ನೆಗಡಿ ವೈರಸ್ಸಿನಿಂದ ಬರುವುದು; ಆಂಟಿಬಯಾಟಿಕ್ ಅದನ್ನು ಮುಟ್ಟುವುದೇ ಇಲ್ಲ. ಬೇಡದ ಕಡೆ ನುಂಗಿದ, ಅರೆಬರೆ ನುಂಗಿದ ಔಷಧದಿಂದ ಬಲಹೀನ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಕ್ಕೆ ಜಗ್ಗದವು ಉಳಿದು ಸಂತಾನ ಬೆಳೆಸುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದ.

ನಮ್ಮೂರಿಗೆ ಕ್ಷಯ ಹೊಸದಲ್ಲ, ಪಿ.ಕೆ. ಸ್ಯಾನಟೋರಿಯಂ ಎಲ್ಲರಿಗೂ ಗೊತ್ತು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧ. ಸರಕಾರ ಪುಕ್ಕಟೆ ಕೊಡುತ್ತದೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟವನ ಮೈಯಲ್ಲಿ ಐಸೋನಿಯಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ರೋಗಾಣು ಬೆಳೆಯಬಹುದು. ಮುಂದೆ ಮನೆಯ ಮಕ್ಕಳಿಗೆ ಅಂಟುವುದೂ ಅದೇ. ಕೂಲಿಯ ಭಯದಿಂದ ಮಾತ್ರೆ ಬಿಡಬೇಡಿ: ಇ.ಎಸ್.ಐ. ಉಳ್ಳವರಿಗೆ ನಿಯಮದಂತೆ ಕಾಯಿಲೆ ರಜೆಗೆ ಕೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನ ಸಿಗುತ್ತದೆ. ಕ್ಷಯಕ್ಕೆ ಇನ್ನೂ ದೀರ್ಘಕಾಲ ಉಂಟು. ಇ.ಎಸ್.ಐ. ಇಲ್ಲದ ಗುತ್ತಿಗೆ ಕೂಲಿಗಳ ಮಾತು ಬೇರೆ. ಅದು ನಮ್ಮ ಹೋರಾಟದ ಬಾಬತ್ತು.

ಆಂಟಿಬಯಾಟಿಕ್ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದೆಂದು. 2016ರಿಂದ ಸರಕಾರ ಇದನ್ನು ಸಾರುತ್ತಿದೆ. ಮನೆಯ ಡಬ್ಬಿಯಲ್ಲಿ ಅಂಥ ಗೆರೆ ಹುಡುಕುವ ಕೆಲಸವನ್ನು ಮೇಷ್ಟ್ರು ಮಕ್ಕಳಿಗೇ ಕೊಡಲಿ. ಇಲ್ಲಿ ಕುಳಿತಿರುವ ಔಷಧದಂಗಡಿಯ ಮಿತ್ರರು, 'ನಾವು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ' ಎನ್ನುತ್ತಾರೆ. ನಿಜ. ಹಾಗಾದರೆ ಪಕ್ಕದವನನ್ನೂ ಕರೆತನ್ನಿ, ಬೀದಿಯ ಅಂಗಡಿಗಳೆಲ್ಲ ಒಟ್ಟಿಗೆ ಕೂತು ತೀರ್ಮಾನಿಸೋಣ.