ಯಂತ್ರದ ಕಣ್ಣು, ತಾಯಿಯ ಮಾತು

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಬಿ.ಕಾಂ. ಮುಗಿಸಿ ಈ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿರುವವರು. ಆದರೂ ಕಾರ್ಯದರ್ಶಿಗಳ ಅಪ್ಪಣೆ ಮೀರಲಾರದೆ, ನಮ್ಮ ಮನೆಯಲ್ಲೇ ನಡೆದುದನ್ನು ಮುಂದಿಟ್ಟು ನಾಲ್ಕು ಮಾತು ಅರಿಕೆ ಮಾಡುತ್ತೇವೆ.

ಊರಿನಿಂದ ಬಂದ ನಮ್ಮ ತಾಯಿಯವರಿಗೆ ಎಡಗಿವಿಯ ಬಳಿ ನೋವು. "ಆಕಳಿಸಿದರೆ ಕಟಕ್ ಅನ್ನುತ್ತೆ ಕಣಪ್ಪ, ಮುದ್ದೆ ನುಂಗಬಹುದು, ರೊಟ್ಟಿ ಅಗಿಯೋಕಾಗಲ್ಲ" ಎಂದರು. ಆಸ್ಪತ್ರೆಯಲ್ಲಿ ನಾವು ಇಷ್ಟನ್ನೂ ಹಿಂದಿಯಲ್ಲಿ "ಕಿವಿನೋವು" ಎಂದು ಮುಗಿಸಿಬಿಟ್ಟೆವು, ಕೆಲಸಕ್ಕೆ ಹೊತ್ತಾಗುತ್ತಿತ್ತು. ಮೂರು ತಿಂಗಳು ಕಿವಿಗೆ ಹನಿ ಬಿಟ್ಟದ್ದಾಯಿತು, ಒಂದು ಹಲ್ಲನ್ನು ಕೀಳಿಸಿದ್ದೂ ಆಯಿತು. ಕಡೆಗೆ ದಂತವೈದ್ಯರೊಬ್ಬರು ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿಸಿ ನೋಡಿದರು. ದೋಷವಿದ್ದದ್ದು ದವಡೆಯ ಕೀಲಿನಲ್ಲಿ!

ಕೆಳದವಡೆ ತಲೆಬುರುಡೆಯನ್ನು ಕೂಡುವ ಈ ಕೀಲಿನ ನಡುವೆ ನಾರಿನ ಬಿಲ್ಲೆಯೊಂದಿದೆ. ಅದು ಮುಂದಕ್ಕೆ ಜಾರಿದ್ದು, ಬಾಯಿ ತೆರೆಯುವಾಗ ಸ್ವಸ್ಥಾನಕ್ಕೆ ಮರಳಿದರೆ ಕಟಕ್ ಎಂಬ ಸದ್ದು. ಮರಳದಿದ್ದರೆ ಬಾಯಿ ಪೂರ್ತಿ ತೆರೆಯದಂತಾಗಬಹುದು. ನೋವಿಲ್ಲದ ಬರಿಯ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಆದರೆ ನೋವು ಕಿವಿಯದೆಂದೂ ಹಲ್ಲಿನದೆಂದೂ ತಲೆಯದೆಂದೂ ವೇಷ ಹಾಕುವುದರಿಂದ ಪತ್ತೆ ಕಷ್ಟ. 1934ರಲ್ಲಿ ಕಿವಿಯ ತೊಂದರೆಗಳಿಗೂ ಈ ಕೀಲಿಗೂ ನಂಟು ಕಲ್ಪಿಸಿ ಬರೆದ ಅಮೆರಿಕದ ಜೇಮ್ಸ್ ಕಾಸ್ಟೆನ್ ಅವರು ಕಿವಿ ಗಂಟಲಿನ ವೈದ್ಯರೇ.

ಈ ಪತ್ತೆಗೆ ನೆರವಾಗಲೆಂದು ಈಗ ಕಂಪ್ಯೂಟರಿನ ನರಜಾಲವನ್ನು ಪ್ರಯೋಗಿಸುತ್ತಿದ್ದಾರೆ. ಮೆದುಳಿನ ನರಕೋಶವನ್ನು ಗಣಿತದಲ್ಲಿ ಬರೆಯುವ ಯತ್ನವನ್ನು ಮೆಕಲಕ್ ಮತ್ತು ಪಿಟ್ಸ್ ಎಂಬವರು 1943ರಲ್ಲೇ ಮಾಡಿದ್ದರು. ಇದು ಕಲಿಯುವ ಬಗೆ ನಮಗೆ ಹೊಸದಲ್ಲ. ಚೆಕ್ಕಿನ ರುಜುವನ್ನು ಮಾದರಿ ರುಜುವಿನೊಡನೆ ಹೋಲಿಸುವುದನ್ನು ನಾವು ಯಾವ ಪುಸ್ತಕದಿಂದ ಕಲಿತೆವು? ಸಾವಿರ ರುಜು ನೋಡಿ, ತಪ್ಪಿದಾಗ ಮೇಲಧಿಕಾರಿಗಳಿಂದ ತಿದ್ದಿಸಿಕೊಂಡು ಕಲಿತೆವು. ಅಂತೆಯೇ ತಜ್ಞರು ಗುರುತು ಹಾಕಿದ ಚಿತ್ರಗಳನ್ನು ಯಂತ್ರಕ್ಕೆ ತೋರಿಸುತ್ತಾರೆ. ಅದರ ಊಹೆ ತಪ್ಪಿದಷ್ಟೂ ಒಳಗಿನ ಅಂಕಿಗಳು ತುಸುತುಸುವೇ ತಿದ್ದಲ್ಪಡುತ್ತವೆ. ಹೀಗೆ ಕಲಿತು, ಎಕ್ಸ್‌ರೇ ಮತ್ತು ಸಿ.ಟಿ. ಚಿತ್ರಗಳಲ್ಲಿ ಮೂಳೆಯ ಸವೆತವನ್ನೂ, ಎಂ.ಆರ್.ಐ. ಚಿತ್ರದಲ್ಲಿ ಬಿಲ್ಲೆಯ ಸ್ಥಾನವನ್ನೂ ಅದು ಗುರುತಿಸಬಲ್ಲುದು. ತಜ್ಞರಿಲ್ಲದ ಊರುಗಳಿಗೆ ಇದು ದೊಡ್ಡ ಆಸರೆಯಾದೀತು.

ಆದರೆ ಒಂದೇ ಶಾಖೆಯ ರುಜುಗಳನ್ನು ಮಾತ್ರ ನೋಡಿದ ಗುಮಾಸ್ತ ಇನ್ನೊಂದು ಶಾಖೆಯಲ್ಲಿ ತಡವರಿಸುವಂತೆ, ಒಂದೆಡೆಯ ಚಿತ್ರಗಳಿಂದ ಕಲಿತ ಯಂತ್ರ ಬೇರೆಡೆ ಎಡವಬಹುದು. ಮಿಗಿಲಾಗಿ, ಸವೆದ ಕೀಲಿನವರಿಗೆ ನೋವಿರದೆ, ಚಿತ್ರದಲ್ಲಿ ಏನೂ ಕಾಣದವರಿಗೆ ನೋವಿರುವುದುಂಟು. ಆದಕಾರಣವೇ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ನಿದಾನಸೂತ್ರಗಳೂ ರೋಗಿಯ ಮಾತಿಗೂ ವೈದ್ಯನ ಕೈಪರೀಕ್ಷೆಗೂ ಮೊದಲ ಮಣೆ ಹಾಕಿವೆ.

ಮೆತ್ತನೆಯ ಊಟ, ಬಿಸಿಶಾಖ, ದವಡೆಗೆ ಹಗುರವಾದ ವ್ಯಾಯಾಮ, ಇಷ್ಟರಿಂದಲೇ ನಮ್ಮ ತಾಯಿಯವರು ಚೇತರಿಸಿಕೊಂಡರು. ಹೋದ ಹಲ್ಲು ಮಾತ್ರ ಹಿಂದಕ್ಕೆ ಬರಲಿಲ್ಲ. ಅದರ ಲೆಕ್ಕ ನಮ್ಮ ಹೆಸರಿನಲ್ಲೇ ಇದೆ.

ಆದುದರಿಂದ ನಮ್ಮದೊಂದು ಬಿನ್ನಹ. ಕನ್ನಡವೊಂದನ್ನೇ ಬಲ್ಲ ಹಿರಿಯರು ಈ ನಗರದ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಲು ನಮ್ಮ ಸಂಘದ ನಾಲ್ವರಾದರೂ ಸರದಿಯಂತೆ ಸಿದ್ಧರಿರಲಿ. ಅವರು ಹೇಳಿದ್ದನ್ನು ಮೊಟಕು ಮಾಡದೆ ವೈದ್ಯರಿಗೆ ಮುಟ್ಟಿಸಲಿ. ಚಿತ್ರವನ್ನು ಯಂತ್ರ ನೋಡೀತು. "ಕಟಕ್" ಎಂಬ ಮಾತನ್ನು ತಲುಪಿಸಬೇಕಾದವರು ನಾವೇ.