ಕಸಿಯಾದ ಅಂಗ ಮತ್ತು ಚರ್ಮದ ಕಾವಲು



ಮೂತ್ರಪಿಂಡದ ಕಸಿ ಮಾಡಿಸಿಕೊಂಡವರನ್ನು ಕಂಡಾಗ ನಾವೆಲ್ಲರೂ ಹೊಸ ಅಂಗದ ಕ್ಷೇಮವನ್ನು ವಿಚಾರಿಸುತ್ತೇವೆ. ಚರ್ಮದ ಕ್ಷೇಮವನ್ನು ವಿಚಾರಿಸುವವರು ವಿರಳ. ಆಸ್ಟ್ರೇಲಿಯಾದಂತಹ ಪ್ರಖರ ಬಿಸಿಲಿನ ದೇಶದಲ್ಲಿ ನೆಲೆಸಿರುವ ನಮಗೆ ಆ ಪ್ರಶ್ನೆ ಅವಶ್ಯವಾದುದು.

1954ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆಯವರು ಮೂತ್ರಪಿಂಡ ಕಸಿಯನ್ನು ಯಶಸ್ವಿಯಾಗಿ ನೆರವೇರಿಸಿದರು. ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾದ್ದರಿಂದ ದೇಹವು ಆ ಅಂಗವನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ಉಳಿದವರಿಗೆ ಆ ಭಾಗ್ಯವಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಅವರು ವರ್ಷಗಟ್ಟಲೆ ಸೇವಿಸಬೇಕು.

ಅಪಾಯದ ಮೂಲ ಇಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳ ಡಿ.ಎನ್.ಎ.ಗೆ ಹಾನಿ ಮಾಡುತ್ತವೆ. ಕೆಟ್ಟ ಕೋಶಗಳನ್ನು ಗುರುತಿಸಿ ನಾಶಮಾಡುವುದು ನಿರೋಧಕ ಶಕ್ತಿಯ ಕೆಲಸ. ಔಷಧಿಯು ಅಂಗವನ್ನು ಕಾಯಲು ಈ ಕಾವಲುಗಾರನ ಕೈಯನ್ನೇ ಕಟ್ಟಿಹಾಕುತ್ತದೆ. ಇದಲ್ಲದೆ, ಅಝಥಿಯೋಪ್ರಿನ್ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತದೆ, ಸೈಕ್ಲೋಸ್ಪೋರಿನ್ ಡಿ.ಎನ್.ಎ. ದುರಸ್ತಿಗೆ ಅಡ್ಡಿಯಾಗುತ್ತದೆ. ಪರಿಣಾಮವಾಗಿ, ಬಿಳಿಯ ಮೈಬಣ್ಣದ ಕಸಿ ರೋಗಿಗಳಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರಿನ ಸಂಭವ ಇತರರಿಗಿಂತ 65 ಪಟ್ಟು ಅಥವಾ ಅದಕ್ಕೂ ಅಧಿಕವೆಂದು ಅಧ್ಯಯನಗಳು ತಿಳಿಸಿವೆ. ಅದು ಬೇಗ ಹಬ್ಬುವ ಸಂಭವವೂ ಹೆಚ್ಚು.

"ನಮ್ಮದು ಕಂದು ಮೈಬಣ್ಣ, ನಮಗೇನು ಭಯ?" ಎಂದು ಕೇಳಬಹುದು. ಮೆಲನಿನ್ ನಮ್ಮನ್ನು ಬಹುಮಟ್ಟಿಗೆ ರಕ್ಷಿಸುತ್ತದೆ, ನಿಜ. ನಮ್ಮಲ್ಲಿ ಅಪಾಯ ಬಹಳ ಕಡಿಮೆ. ಆದರೆ ಅದು ಸೊನ್ನೆಯಲ್ಲ. ಅಂಗಾಲು, ಅಂಗೈ, ಉಗುರಿನ ಕೆಳಗೆ, ಬಿಸಿಲು ಕಾಣದ ಗುಪ್ತಾಂಗಗಳಲ್ಲಿಯೂ ಕ್ಯಾನ್ಸರ್ ತಲೆದೋರಬಲ್ಲದು. ಕೆಲವಕ್ಕೆ ಪ್ಯಾಪಿಲೋಮ ವೈರಾಣು ಕಾರಣ. ಸಂಕೋಚದಿಂದ ಮುಚ್ಚಿಟ್ಟದ್ದು ತಡವಾಗಿ ಪತ್ತೆಯಾಗುತ್ತದೆ. ನಮಗೆ ನಿಜವಾದ ಅಪಾಯ ಈ ವಿಳಂಬದ್ದು.

ಹಾಗೆಂದು ಭಯದಿಂದ ಮಾತ್ರೆ ನಿಲ್ಲಿಸುವುದು ಸರ್ವಥಾ ಸಲ್ಲದು, ಅಂಗವೇ ಕೈತಪ್ಪೀತು. ಔಷಧಿಯ ಬದಲಾವಣೆ ವೈದ್ಯರ ನಿರ್ಧಾರ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಮ್ಮೆ ಈ ಕ್ಯಾನ್ಸರ್ ಬಂದವರ ಪೈಕಿ ಸಿರೋಲಿಮಸ್‌ಗೆ ಬದಲಾದವರಲ್ಲಿ ಶೇ. 22 ಮಂದಿಗೆ, ಹಳೆಯ ಔಷಧಿಯಲ್ಲೇ ಮುಂದುವರಿದವರಲ್ಲಿ ಶೇ. 39 ಮಂದಿಗೆ ಅದು ಮತ್ತೆ ಹೊಸದಾಗಿ ಕಾಣಿಸಿಕೊಂಡಿತು. ಆದರೆ ಸಿರೋಲಿಮಸ್‌ನ ತೀವ್ರ ಅಡ್ಡಪರಿಣಾಮಗಳೂ ಅಧಿಕವಾಗಿದ್ದವು. ಸಾಮಾನ್ಯರಿಗೆ ಪ್ರಯೋಜನ ತೋರಿದ್ದ ನಿಕೋಟಿನಮೈಡ್ ಮಾತ್ರೆಯು ಕಸಿ ರೋಗಿಗಳಿಗೆ ನೆರವಾಗಲಿಲ್ಲವೆಂದು 2023ರ ಪ್ರಯೋಗ ತೋರಿಸಿತು.

ನಮ್ಮ ಕೈಯಲ್ಲಿರುವುದು ಸರಳ ಕ್ರಮಗಳು. ಅತಿನೇರಳೆ ಸೂಚ್ಯಂಕ 3ನ್ನು ಮುಟ್ಟಿದ ದಿನ ತುಂಬುತೋಳಿನ ಉಡುಪು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಬಳಸುವುದು. ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳುವುದು. ತಿಂಗಳಿಗೊಮ್ಮೆ ಅಂಗಾಲಿನವರೆಗೂ ಚರ್ಮವನ್ನು ನೋಡಿಕೊಳ್ಳುವುದು. ಚರ್ಮ ಪರೀಕ್ಷೆ ಎಷ್ಟು ಕಾಲಕ್ಕೊಮ್ಮೆ ಬೇಕೆಂದು ಕಸಿ ವೈದ್ಯರಿಂದಲೇ ತಿಳಿಯುವುದು. ವಾಸಿಯಾಗದ ಹುಣ್ಣು, ಬೆಳೆಯುವ ಗಂಟು, ಉಗುರಿನ ಹೊಸ ಕಪ್ಪು ಗೆರೆ ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯಲಾಗದು. ಬೇಗ ಪತ್ತೆಯಾದರೆ ಬಹುಪಾಲು ಸಣ್ಣ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತವೆ.

ಬೆನ್ನನ್ನು ತಾನೇ ನೋಡಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಅಲ್ಲಿ ಮನೆಯವರ ಕಣ್ಣು ಬೇಕು. ಆ ಕಣ್ಣಾಗುವ ಹೊಣೆ ನಮ್ಮೆಲ್ಲರದು.