ಯಾರ ಹೆಸರಿನಲ್ಲಿದೆ?



ನಮ್ಮಜ್ಜಿ ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದವರು. ಬೆಳಗ್ಗೆ ಒಲೆ ಹಚ್ಚುವ ಮುಂಚೆಯೇ ರಾಟೆಯ ಮುಂದೆ ಕೂರುತ್ತಿದ್ದರು. ಬಲಗೈ ರಾಟೆ ತಿರುಗಿಸುತ್ತಿತ್ತು. ಎಡಗೈಯ ಎರಡು ಬೆರಳ ಸಂದಿಯಿಂದ ಎಳೆ ಹರಿದು ಕಂಡಿಕೆಗೆ ಸುತ್ತಿಕೊಳ್ಳುತ್ತಿತ್ತು. ಆ ಸಂದಿಯಲ್ಲಿ ನೂಲು ಕೊರೆದ ಗೆರೆ ಅವರು ತೀರಿಕೊಳ್ಳುವವರೆಗೂ ಮಾಸಲಿಲ್ಲ. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಲಾಳಿ ಓಡದೆ ಸೀರೆ ಇಲ್ಲ. ಆದರೆ ವಾರದ ಬಟವಾಡೆಯಲ್ಲಿ ಲೆಕ್ಕ ನಡೆಯುತ್ತಿದ್ದದ್ದು ಸೀರೆಗೆ ಇಷ್ಟು ಅಂತ. ದುಡ್ಡು ತಾತನ ಕೈಗೆ. ಕಂಡಿಕೆ ಸುತ್ತಿದ್ದಕ್ಕೆ ಬೇರೆ ಲೆಕ್ಕವೇ ಇರಲಿಲ್ಲ. ಮಾಲೀಕರ ಪುಸ್ತಕದಲ್ಲಿದ್ದದ್ದು ತಾತನ ಹೆಸರೊಂದೇ.

ವ್ಯಾಪಾರ, ಉದ್ದಿಮೆಗಳಲ್ಲಿ ಹೆಣ್ಣುಮಕ್ಕಳ ನಾಯಕತ್ವ ಹೇಗೆ ಬೆಳೆದು ಬಂತು ಎಂಬುದು ಇವತ್ತಿನ ವಿಷಯ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹೆಣ್ಣು ದುಡಿಯದೆ ಕೂತ ಕಾಲ ಯಾವುದೂ ಇಲ್ಲ. ಹಾಗಾಗಿ ಅವಳು ಯಾವಾಗ ದುಡಿಯಲು ಶುರುಮಾಡಿದಳು ಎಂದು ನಾನು ಹುಡುಕಲು ಹೋಗುವುದಿಲ್ಲ. ಅವಳ ಹೆಸರು ಕಾಗದದ ಮೇಲೆ ಯಾವಾಗ ಬಂತು ಎಂಬುದನ್ನಷ್ಟೇ ಹಿಡಿದು ಹೋಗುತ್ತೇನೆ.

ಹೆಸರು ಗಂಡಸಿನದೇ ಆಗಿದ್ದರ ಗುರುತು ನಮ್ಮ ಮಾತಿನಲ್ಲೇ ಇದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, 'ನಮ್ಮ ಯಜಮಾನ್ರು' ಎನ್ನುತ್ತಾರೆ. ಯಜಮಾನ ಎಂದರೆ ಒಡೆಯ. ಆದರೆ ಯಜಮಾನಿ ಎಂದಾಗ ಬಹುಕಾಲ ನಮ್ಮ ಮನಸ್ಸಿಗೆ ಬರುತ್ತಿದ್ದದ್ದು ಯಜಮಾನರ ಹೆಂಡತಿ ಎಂಬ ಅರ್ಥ.

ಹನ್ನೆರಡನೆಯ ಶತಮಾನದ ಶರಣೆಯರ ಕಾಲದಲ್ಲಿ ಮಾತ್ರ ಹೆಸರಿನ ಸಂಗತಿ ಬೇರೆ ಥರ ಇತ್ತು. ಕದಿರೆ ರೆಮ್ಮವ್ವೆ ನೂಲುತ್ತಿದ್ದವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುತ್ತಿದ್ದವಳು. ಅವರ ಕಸುಬು ಅವರ ಹೆಸರಿಗೇ ಅಂಟಿಕೊಂಡು ನಮ್ಮವರೆಗೆ ಬಂದಿದೆ. ಗಂಡ ಮಾರಯ್ಯ ಅಂದಂದಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಆಯ್ದಕ್ಕಿ ಲಕ್ಕಮ್ಮ ಕಳಿಸಿದ ಕಥೆ ನಿಮಗೆ ಗೊತ್ತಿರುತ್ತದೆ. ಅದನ್ನು ಭಕ್ತಿಯ ಕಥೆಯಾಗಿ ಹೇಳುತ್ತಾರೆ. ಮನೆಗೆ ಎಷ್ಟು ಬರಬೇಕು, ಎಷ್ಟು ಬರಬಾರದು ಎಂದು ತೀರ್ಮಾನ ಮಾಡಿದ ಹೆಂಗಸಿನ ಕಥೆಯಾಗಿಯೂ ನನಗೆ ಅದು ಕೇಳಿಸುತ್ತದೆ.

ಅಲ್ಲಿಂದ ಇಪ್ಪತ್ತನೆಯ ಶತಮಾನಕ್ಕೆ ಬರೋಣ. ನಂಜನಗೂಡಿನ ತಿರುಮಲಾಂಬ 1887ರಲ್ಲಿ ಹುಟ್ಟಿದವರು, ಬಾಲವಿಧವೆ. 1913ರಲ್ಲಿ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆ ಶುರುಮಾಡಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು; ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಸಾಹಿತ್ಯ ಚರಿತ್ರೆಯಲ್ಲಿ ಅವರನ್ನು ಲೇಖಕಿ ಎಂದು ಬರೆಯುತ್ತಾರೆ, ಸರಿ. ಆದರೆ ಪ್ರಕಾಶನವೆಂದರೆ ಕಾಗದದ ಖರ್ಚು, ಅಚ್ಚಿನ ಖರ್ಚು, ಅಂಚೆಯ ಖರ್ಚು, ಬಾರದ ಬಾಕಿ. ಇದನ್ನೆಲ್ಲ ತೂಗಿಸಿದ ಉದ್ಯಮಿ ಎಂದೂ ಅವರನ್ನು ನೆನೆಯಬೇಕು.

ನಂಜನಗೂಡು ಸೇರಿದ್ದ ಮೈಸೂರು ಸಂಸ್ಥಾನದಲ್ಲೇ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಸಿಗುವ ದಾರಿ ತೆರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ಮೈಸೂರಿನದು ಅದಕ್ಕಿಂತ ನಾಲ್ಕು ವರ್ಷ ಮುಂಚೆ. ಆಸ್ತಿಯ ಮಾತು ಇಲ್ಲಿ ಯಾಕೆ ಅನ್ನಬೇಡಿ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಕೇಳುವುದು ಆಧಾರ ಏನಿದೆ ಅಂತ. ಜಮೀನಿಲ್ಲ, ಮನೆಯಿಲ್ಲ ಎಂದರೆ ಬಂಡವಾಳವೂ ಇಲ್ಲ.

ಬೆಂಗಳೂರಿನಲ್ಲಿ 1978ರಲ್ಲಿ ಈ ಆಧಾರದ ಪ್ರಶ್ನೆ ಎಲ್ಲರಿಗೂ ಕಾಣುವ ಹಾಗೆ ಎದ್ದಿತು. ಕಿರಣ್ ಮಜುಂದಾರ್ ಆಗ ಇಪ್ಪತ್ತೈದರ ಹುಡುಗಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದಿದ್ದರು. ಆದರೆ ಆ ಕೆಲಸಕ್ಕೆ ಹೆಂಗಸನ್ನು ಇಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಬಾಡಿಗೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಶುರುಮಾಡಿ, ಪರಂಗಿಕಾಯಿಯ ಹಾಲಿನಿಂದ ಕಿಣ್ವ ತೆಗೆದರು. ಸಾಲಕ್ಕೆ ಹೋದಾಗ ಬ್ಯಾಂಕಿನವರು ತಂದೆಯ ಜಾಮೀನು ಕೇಳಿದ್ದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಓದಿದ, ನಗರದ ಹೆಣ್ಣುಮಗಳ ಪಾಡೇ ಇದಾದರೆ ಹಳ್ಳಿಯವರ ಪಾಡೇನು? ಐದು ವರ್ಷದ ಮೇಲೆ, 1983ರಲ್ಲಿ, ಬೆಂಗಳೂರಿನಲ್ಲೇ ಮಹಿಳಾ ಉದ್ಯಮಿಗಳ ಸಂಘ 'ಅವೇಕ್' ಹುಟ್ಟಿತು. ವ್ಯವಹಾರ ಮಾಡಿ ಗೊತ್ತಿದ್ದ ಹೆಂಗಸರು ಗೊತ್ತಿಲ್ಲದವರಿಗೆ ಕೈಹಿಡಿದು ಕಲಿಸುವುದು ಅದರ ದಾರಿಯಾಯಿತು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ರೇಷ್ಮೆ ಹುಳು ಸಾಕುವ ಮನೆಗಳಿವೆ. ಅಂಥ ಮನೆಗೆ ಒಮ್ಮೆ ಹೋಗಿ ನೋಡಬೇಕು. ಚಾಕಿ ಹುಳು ತಂದ ದಿನದಿಂದ ಮನೆಯ ಹೆಂಗಸಿಗೆ ಬಿಡುವಿಲ್ಲ. ಎಳೆ ಹುಳುವಿಗೆ ಎಳೆ ಹಿಪ್ಪುನೇರಳೆ ಸೊಪ್ಪು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಸೊಪ್ಪು ನಿಲ್ಲಿಸಬೇಕು, ಎದ್ದಾಗ ಮತ್ತೆ ಹಾಕಬೇಕು. ಹೀಗೆ ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಹುಳು ತಿನ್ನುವ ಸದ್ದು ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ. ರಾತ್ರಿ ಎದ್ದೂ ಸೊಪ್ಪು ಹಾಕಬೇಕು. ಹುಳು ಹಣ್ಣಾಯಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು, ಮೈ ಹೊಳಪು ನೋಡಿ ಹೇಳುವವಳು ಅವಳೇ. ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವಳೂ ಅವಳೇ. ಒಂದು ತಿಂಗಳ ಈ ಕಣ್ಣು, ಈ ತೀರ್ಮಾನ, ಇದಕ್ಕಿಂತ ದೊಡ್ಡ ನಿರ್ವಹಣೆ ಯಾವುದಿದೆ? ಆದರೆ ಗೂಡು ಮಾರುಕಟ್ಟೆಗೆ ಹೋಗುವ ದಿನ ಟೆಂಪೋ ಹತ್ತುವವನು ಗಂಡ. ಈಗ ಹಣ ಬ್ಯಾಂಕ್ ಖಾತೆಗೇ ಬೀಳುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಖಾತೆಯೂ ಬಹುಮಟ್ಟಿಗೆ ಅವರದೇ.

ಹಾಲಿನಲ್ಲಿ ಕಥೆ ಸ್ವಲ್ಪ ಬೇರೆಯಾಯಿತು. ಹಸುವಿಗೆ ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವಳು ಹೆಂಡತಿ. ಡೇರಿಯಲ್ಲಿ ಷೇರು, ಮತ, ಅಧ್ಯಕ್ಷಗಿರಿ ಗಂಡನದು ಎಂಬ ಸ್ಥಿತಿ ಅಲ್ಲೂ ಇತ್ತು. ಮುಂದೆ, ಹೆಂಗಸರ ತರಬೇತಿ, ಉದ್ಯೋಗಕ್ಕೆಂದಿದ್ದ ಕೇಂದ್ರದ 'ಸ್ಟೆಪ್' ಯೋಜನೆಯ ನೆರವಿನಿಂದ ಕರ್ನಾಟಕದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟತೊಡಗಿದವು. ಸದಸ್ಯರು, ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಹೆಂಗಸರು. ಹಾಲಿನಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಎಂಬುದು ಊರ ಹೆಂಗಸರ ಬಾಯಲ್ಲಿ ರಾಗಿಮುದ್ದೆಯಷ್ಟೇ ಸಲೀಸಾಯಿತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ವ್ಯವಹಾರ ಕಲಿಸಿದ ಮೊದಲ ದೊಡ್ಡ ಶಾಲೆ ಯಾವುದು ಎಂದು ಕೇಳಿದರೆ ನಾನು ಹಾಲಿನ ಡೇರಿಯನ್ನೇ ತೋರಿಸುತ್ತೇನೆ.

ಎರಡನೆಯ ಶಾಲೆ ಪಂಚಾಯಿತಿ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. ಕೆಲವೇ ತಿಂಗಳಲ್ಲಿ, 1987ರ ಜನವರಿಯಲ್ಲಿ, ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತಿನ ಚುನಾವಣೆ ನಡೆದು ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾದವು. ಇಂಥ ಮೀಸಲನ್ನು ದೇಶಕ್ಕೆಲ್ಲ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಅದಾಗಿ ಆರು ವರ್ಷದ ಮೇಲೆ. ಸಭೆಯಲ್ಲಿ ಕುರ್ಚಿಯ ಮೇಲೆ ಕೂತು, ಗಂಡಸರ ಮುಂದೆ ಲೆಕ್ಕ ಕೇಳುವ ಅಭ್ಯಾಸ ಆಯಿತಲ್ಲ, ಅದು ಅಂಗಡಿಗೂ ಬೇಕು, ಕಾರ್ಖಾನೆಗೂ ಬೇಕು.

ಆಮೇಲೆ ಬಂದವು ಸಂಘಗಳು. ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಕಟ್ಟಿದ ಸ್ವಸಹಾಯ ಗುಂಪುಗಳ ಅನುಭವ ನೋಡಿ, 1992ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕಿನ ಸಾಲ ಜೋಡಿಸಿತು. 2000-01ರಲ್ಲಿ ರಾಜ್ಯ ಸರ್ಕಾರ ಇಂಥದೇ ಗುಂಪುಗಳಿಗಾಗಿ 'ಸ್ತ್ರೀಶಕ್ತಿ' ಯೋಜನೆ ತಂದಿತು. ಆಧಾರವಿಲ್ಲದ ಹೆಂಗಸಿಗೆ ಇಪ್ಪತ್ತು ಜನ ಹೆಂಗಸರೇ ಆಧಾರವಾದರು. ಹಪ್ಪಳ, ಚಟ್ನಿಪುಡಿ, ಹೊಲಿಗೆ ಯಂತ್ರ, ಇನ್ನೊಂದು ಹಸು. ಚಿಕ್ಕ ಸಾಲ, ಚಿಕ್ಕ ವ್ಯಾಪಾರ. ಚಿಕ್ಕದಾಗಿಯೇ ಉಳಿಯಿತಲ್ಲ ಎಂಬುದು ನನ್ನ ಸಂಕಟ. ಹಪ್ಪಳದಿಂದ ಕಾರ್ಖಾನೆಗೆ ಏರಲು ಬೇಕಾದದ್ದು ಮತ್ತೆ ಅದೇ ಜಮೀನಿನ ಕಾಗದ.

ಆ ಕಾಗದದ ಕಥೆ ನಮ್ಮ ಜಿಲ್ಲೆಯಲ್ಲಿ ಬಹಳ ನೋವಿನದು. ಮಗಳಿಗೂ ಮಗನಷ್ಟೇ ಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂತು. ಆಗ ಮದುವೆಯಾಗಿದ್ದವರು ಹೊರಗುಳಿದರು. ಇಡೀ ದೇಶಕ್ಕೆ 2005ರಲ್ಲಿ ಬಂತು. ತಂದೆ ಬದುಕಿರಲಿ ಬಿಡಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಗುಂಟೆಗೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಆಗ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆದೊಯ್ಯಲು ತವರಿನಿಂದ ಕಾರುಗಳು ಬಂದವು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ಹೆಬ್ಬೆಟ್ಟು. ಕೈಗೆ ಅರಿಶಿನ ಕುಂಕುಮ, ಒಂದು ಸೀರೆ, ಒಂದಿಷ್ಟು ದುಡ್ಡು. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಗೆ ಸಹಿ ಹಾಕಿದವರು ಎಷ್ಟೋ ಜನ. ಒಂದು ಬಿಲ್ಡಿಂಗ್, ಒಂದು ಗೋದಾಮು, ಹತ್ತು ಮಗ್ಗದ ಒಂದು ಷೆಡ್ಡು, ಒಂದು ಉದ್ದಿಮೆಗೆ ಸಾಕಾಗುವ ಬಂಡವಾಳ ಆ ಒಂದು ಸಹಿಯಲ್ಲಿ ಕೈಬಿಟ್ಟು ಹೋಯಿತು. ಹೆಂಗಸರಲ್ಲಿ ಉದ್ಯಮಿಗಳು ಯಾಕೆ ಕಡಿಮೆ ಎಂದು ಸಭೆಗಳಲ್ಲಿ ಕೇಳುವವರು ಆ ಕಚೇರಿಯ ಜಗಲಿಯ ಮೇಲೆ ಒಂದು ದಿನ ಕೂರಬೇಕು.

ದೊಡ್ಡ ಕಂಪನಿಗಳ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾರ್ವೆ ದೇಶ 2003ರಲ್ಲಿ ಕಾನೂನು ಮಾಡಿ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಹೆಂಗಸರಿಗೆ ನೂರಕ್ಕೆ 40 ಸ್ಥಾನ ಎಂದಿತು. ನಮ್ಮ 2013ರ ಕಂಪನಿ ಕಾಯ್ದೆ ಷೇರುಪೇಟೆಯ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಹೆಂಗಸು ಇರಲಿ ಎಂದಿತು. ಎಷ್ಟೋ ಕಂಪನಿಗಳು ಮಾಲೀಕರ ಹೆಂಡತಿಯನ್ನೋ ತಂಗಿಯನ್ನೋ ಕೂರಿಸಿ ಕೈತೊಳೆದುಕೊಂಡವು. ನಮ್ಮೂರಲ್ಲೂ ಇದು ಹೊಸದಲ್ಲ. ಹೆಂಗಸರಿಗೆ ಸಾಲ, ಸಬ್ಸಿಡಿ ಎಂದ ಕೂಡಲೇ ಮಗ್ಗದ ಲೈಸೆನ್ಸ್ ಹೆಂಡತಿಯ ಹೆಸರಿಗೆ ತಿರುಗುತ್ತದೆ, ನೂಲಿನ ವ್ಯಾಪಾರಿಗೆ ಫೋನ್ ಮಾಡುವವನು ಗಂಡನಾಗಿಯೇ ಇರುತ್ತಾನೆ. ಮೊದಲು ಕೈ ಅವಳದಾಗಿ ಹೆಸರು ಅವನದಾಗಿತ್ತು. ಈಗ ಹೆಸರು ಬಂದರೂ ಮಾತು ಬಂದಿಲ್ಲ.

ಮಾತು ತಾನಾಗಿ ಬಂದ ಎರಡು ದಿನಗಳನ್ನು ನಾನು ಮರೆಯಲಾರೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೂ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಯಾವ ದೊಡ್ಡ ನಾಯಕರೂ ಕರೆದಿರಲಿಲ್ಲ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. ಇವತ್ತು ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲಿ ಹೊಲಿಯುವವರು, ದೇವನಹಳ್ಳಿ ಕಡೆಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವವರು, ಹೆಚ್ಚಿನವರು ಹೆಣ್ಣುಮಕ್ಕಳೇ. ಸಾಲಿನಲ್ಲಿ ಕೂತವರಲ್ಲಿ ಎಷ್ಟು ಜನ ಸೂಪರ್‌ವೈಸರ್ ಆಗುತ್ತಾರೆ, ಮ್ಯಾನೇಜರ್ ಆಗುತ್ತಾರೆ ಎಂಬುದನ್ನು ಮುಂದಿನ ಹತ್ತು ವರ್ಷ ನಾವು ಕಣ್ಣಿಟ್ಟು ನೋಡಬೇಕು.

ಕೆಲವು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಡೇರಿಯ ಸರ್ವಸದಸ್ಯರ ಸಭೆಗೆ ಹೋಗಿದ್ದೆ. ಶಾಮಿಯಾನದ ಕೆಳಗೆ ಎಂಬತ್ತು ಹೆಂಗಸರು. ಒಬ್ಬ ಮುದುಕಿ ಎದ್ದು ನಿಂತರು. 'ಫೀಡ್ ಚೀಲದ ಬೆಲೆ ಏರಿತು, ಬೋನಸ್ ಯಾಕಮ್ಮ ಏರಲಿಲ್ಲ?' ಎಂದು ಕೇಳಿದರು. ಹಿಂದೆ ನಿಂತಿದ್ದ ಗಂಡಸೊಬ್ಬ ಉತ್ತರ ಹೇಳಲು ಬಾಯಿ ತೆರೆದ. ಅಧ್ಯಕ್ಷೆ ಅವನ ಕಡೆ ಕೈ ಅಡ್ಡ ಹಿಡಿದು, 'ಇರಪ್ಪ, ನನ್ನ ಕೇಳ್ತಾವ್ರೆ' ಎಂದರು. ಕನ್ನಡಕ ಹಾಕಿಕೊಂಡು, ಲೆಡ್ಜರಿನ ಪುಟ ತಿರುವಿ, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಬಾಬ್ತು ಓದತೊಡಗಿದರು. ಮುದುಕಿ ಕೂರಲಿಲ್ಲ. ಕೊನೆಯ ಬಾಬ್ತು ಮುಗಿಯುವವರೆಗೂ ನಿಂತೇ ಕೇಳಿದರು.